ದೋಆಬದ ಸೀಮೆಯಲ್ಲಿ ಕ್ರಿಸ್ತಜಯಂತಿ

ಕೃಷ್ಣೆ ತುಂಗಭದ್ರೆಗಳ ನಡುವಣ ಭೂಮಿಯನ್ನು ಇತಿಹಾಸಕಾರರು ರಾಯಚೂರು ದೋಆಬವೆಂದು ಕರೆಯುವರು. ಈ ನೆಲಕ್ಕಾಗಿ ವಿಜಯನಗರದ ರಾಯರೂ ಬಹಮನಿ, ಬಿಜಾಪುರಗಳ ಸುಲ್ತಾನರೂ ತಲೆತಲಾಂತರದಿಂದ ಕಾದಾಡಿದರು. 1997ರಲ್ಲಿ ಪ್ರತ್ಯೇಕ ಜಿಲ್ಲೆಯಾದ ಕೊಪ್ಪಳದ ಸೀಮೆಯು ಈ ದೋಆಬದೊಳಗಿನದು. ಕದನಗಳ ಈ ನಾಡಿನಲ್ಲಿ, ಶಾಂತಿಯ ಹಬ್ಬವೆನಿಸಿದ ಕ್ರಿಸ್ತಜಯಂತಿಯ ದಿನಗಳಲ್ಲಿ ಸಂಚರಿಸುವವನ ಮನಸ್ಸಿನಲ್ಲಿ ಹಲವು ವಿಚಾರಗಳು ಮೂಡುವುವು.

ಡಿಸೆಂಬರಿನಲ್ಲಿ ಗಂಗಾವತಿಯನ್ನು ಹೊಕ್ಕವನಿಗೆ ಮೊದಲು ಕಾಣುವುದು ಅವಸರ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಿಂದ ಈ ತಾಲೂಕು ಭತ್ತದ ಕಣಜವಾಗಿದೆ. ಕೊಯ್ಲು, ತೂಕ, ಸಾಲದ ಲೆಕ್ಕ, ಎರಡನೆಯ ಬೆಳೆಯ ಸಿದ್ಧತೆ, ಎಲ್ಲವೂ ಒಟ್ಟಿಗೇ ಬಂದೊದಗುವ ಕಾಲವದು. ಅದೇ ದಿನಗಳಲ್ಲಿ ಕ್ರೈಸ್ತ ಗೃಹಸ್ಥನಿಗೆ ಮಕ್ಕಳ ಹೊಸ ಬಟ್ಟೆ, ಸುಣ್ಣಬಣ್ಣ, ನಕ್ಷತ್ರದೀಪ, ಬೀಗರ ಆಗಮನಗಳ ಚಿಂತೆ. ಮನೆಯೊಡತಿಗಾದರೋ ಬಾಣಲೆಯ ಮುಂದಿನಿಂದ ಏಳಲು ಬಿಡುವಿಲ್ಲ. ಶಾಂತಿಯನ್ನು ಸಾರುವ ದಿನವು ಆಯಾಸದಲ್ಲಿಯೂ, ಒಮ್ಮೊಮ್ಮೆ ಸಾಲದಲ್ಲಿಯೂ ಮುಗಿಯುವುದುಂಟು.

ಕುಷ್ಟಗಿ ಯಲಬುರ್ಗಿಗಳ ಬೆದ್ದಲು ಭೂಮಿಗೆ ಬಂದರೆ ನೋಟ ಬದಲಾಗುವುದು. ಕಣ್ಣು ಹರಿಯುವಷ್ಟು ದೂರ ಬಿಳಿಜೋಳ, ನಡುನಡುವೆ ಕಡಲೆ. ಹೆಗಲಿಗೆ ಕಂಬಳಿ ಹೊದ್ದ ಕುರಿಗಾರರು ಹಿಂಡುಗಳೊಡನೆ ಬಯಲಿನಲ್ಲಿ ಬೀಡುಬಿಟ್ಟಿರುವರು. ರೈತರು ಗೊಬ್ಬರಕ್ಕಾಗಿ ತಮ್ಮ ಖಾಲಿ ಹೊಲಗಳಲ್ಲಿ ಕುರಿ ನಿಲ್ಲಿಸಿಕೊಳ್ಳುವರು. ಚಳಿಯಲ್ಲಿ ರಾತ್ರಿಯೆಲ್ಲ ಎಚ್ಚರವಿದ್ದು ತೋಳನಿಂದ ಮರಿಗಳನ್ನು ಕಾಯುವುದು ಅವರ ಕಾಯಕ. ಇವರನ್ನು ಕಂಡವನಿಗೆ ಲೂಕನ ಸುವಾರ್ತೆಯ ಕಥೆ ಪುಸ್ತಕದಿಂದ ಎದ್ದು ಬಂದಂತೆ ತೋರುವುದು.

ಆ ಕಥೆಯನ್ನು ನಿಧಾನವಾಗಿ ನೆನೆಯೋಣ. ಮೊದಲ ಕ್ರಿಸ್ತಜಯಂತಿಯು ನೆಮ್ಮದಿಯ ಮನೆಯಲ್ಲಿ ನಡೆಯಲಿಲ್ಲ. ಚಕ್ರವರ್ತಿಯ ಜನಗಣತಿಗಾಗಿ ಜನರು ತಂತಮ್ಮ ಊರುಗಳಿಗೆ ಹೊರಟಿದ್ದರು. ತುಂಬುಗರ್ಭಿಣಿಗೆ ಛತ್ರದಲ್ಲಿ ಎಡೆಯಿರಲಿಲ್ಲ. ಶಾಂತಿಯ ವಾರ್ತೆಯನ್ನು ಮೊದಲು ಕೇಳಿದವರು ಕೆಲಸ ಬಿಟ್ಟು ಕುಳಿತವರಲ್ಲ, ರಾತ್ರಿಯ ಪಾಳಿಯಲ್ಲಿದ್ದ ಕುರಿಗಾರರು. ಎಂದಮೇಲೆ ಕೆಲಸದ ನಡುವೆ ಶಾಂತಿ ದೊರೆಯದೆಂಬುದು ಸರಿಯಲ್ಲ. ಗದ್ದಲದಲ್ಲಿಯೂ ಅದಕ್ಕೊಂದು ಎಡೆಯನ್ನು ನಾವು ಉಳಿಸಿರಬೇಕು, ಅಷ್ಟೆ.

ಎಡೆ ಉಳಿಸುವ ಬಗೆಯನ್ನು ಈ ಸೀಮೆಯ ಒಕ್ಕಲಿಗರೇ ಬಲ್ಲರು. ಕ್ರಿಸ್ತಜಯಂತಿಯ ಆಸುಪಾಸಿನಲ್ಲಿಯೇ ಬರುವ ಎಳ್ಳಮಾವಾಸ್ಯೆಯಂದು ಅವರು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಮೊದಲು ಭೂತಾಯಿಗೆ ಚರಗ ಚೆಲ್ಲುವರು. ಆ ಮೇಲೆ ಬಂಧುಬಾಂಧವರೊಡನೆ ಉಣ್ಣುವರು. ಮೀಸಲು ಮೊದಲು, ಊಟ ಆಮೇಲೆ. ಹಬ್ಬದ ಗಡಿಬಿಡಿಯಲ್ಲಿ ಪ್ರಾರ್ಥನೆಯ ಒಂದು ಗಳಿಗೆಯನ್ನು ಹೀಗೆಯೇ ಮೊದಲು ತೆಗೆದಿರಿಸಿದರೆ ಉಳಿದ ಕೆಲಸಗಳು ತಮ್ಮ ಅಳತೆಗೆ ಇಳಿಯುವುವು.

ಕುಷ್ಟಗಿಯಿಂದ ತಾವರಗೇರಾ ಮಾರ್ಗವಾಗಿ ಕೊಪ್ಪಳದ ಗಡಿ ದಾಟಿದರೆ ಲಿಂಗಸುಗೂರು ತಾಲೂಕಿನ ಮುದಗಲ್ಲು ಸಿಗುವುದು. 1406ರಲ್ಲಿ ಈ ಊರಿನ ಅಕ್ಕಸಾಲಿಗನ ಮಗಳ ನೆಪದಿಂದಲೇ ಯುದ್ಧ ಹೊತ್ತಿತೆಂದು ಫಿರಿಶ್ತಾ ಬರೆದಿರುವನು. ಅದೇ ಕೋಟೆಯ ಊರಿನಲ್ಲಿ, ಬಿಜಾಪುರದ ಆದಿಲಶಾಹಿಗಳ ಕಾಲದಲ್ಲಿ, ಗೋವೆಯಿಂದ ಬಂದ ಜೆಸ್ವಿಟ್ ಪಾದ್ರಿಗಳ ಬೋಧನೆಯಿಂದ ಕ್ರೈಸ್ತ ಸಮುದಾಯವೊಂದು ಬೇರೂರಿತು. ಕೋಟೆಗಾಗಿ ಕಾದಿದ ರಾಜ್ಯಗಳೆಲ್ಲ ಅಳಿದುವು. ಆ ಪುಟ್ಟ ಸಮುದಾಯ ಉಳಿಯಿತು. ಮೊಹರಮ್ಮಿಗೂ ಹೆಸರಾದ ಈ ಊರಿನಲ್ಲಿ ಇಗರ್ಜಿಯ ಗಂಟೆಯೂ ಮಸೀದಿಯ ಬಾಂಗೂ ಕೇಳುವುವು.

ಆದರೆ ನಾಡಿನ ಕದನ ಅಡಗಿದರೂ ಮನೆಯ ಕದನ ಸುಲಭವಾಗಿ ಅಡಗದು. ಪಾಲಿನ ಹೊಲಕ್ಕಾಗಿ ಮುನಿದ ಅಣ್ಣತಮ್ಮಂದಿರು, ಮಾತು ಬಿಟ್ಟ ಅತ್ತೆಸೊಸೆಯರು ಯಾವ ಮತದ ಮನೆಯಲ್ಲಿಲ್ಲ? ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು, ಮೊದಲು ಹೋಗಿ ಸಹೋದರನೊಡನೆ ಸಮಾಧಾನವಾಗಬೇಕೆಂಬುದು ಯೇಸುಸ್ವಾಮಿಯ ಬೋಧೆ. ಹತ್ತು ಬಗೆಯ ಭಕ್ಷ್ಯಗಳನ್ನು ಮೂರಕ್ಕೆ ಇಳಿಸಿ, ಉಳಿದ ಹೊತ್ತಿನಲ್ಲಿ ಮುನಿದವರ ಬಾಗಿಲಿಗೆ ಒಂದು ತಟ್ಟೆ ಕಜ್ಜಾಯ ಒಯ್ದ ಗೃಹಿಣಿಯು ಹಬ್ಬವನ್ನು ಸಾರ್ಥಕವಾಗಿ ಆಚರಿಸಿದಂತೆಯೇ ಸರಿ. ಗೋದಲಿಯ ಹುಲ್ಲಿನ ಮೇಲೆ ಮಲಗಿದ ಶಿಶುವು ಅದಕ್ಕಿಂತ ಹೆಚ್ಚಿನದನ್ನು ನಮ್ಮಿಂದ ಬೇಡುವುದಿಲ್ಲ.