ಮಗನನ್ನು ಕಳೆದುಕೊಂಡವನ ಮುಂದೆ ಬಂದೂಕಿನ ಅರ್ಜಿ

ಮುಅ್‌ತಾ ಯುದ್ಧದಲ್ಲಿ ಜಅ್‌ಫರ್ ಬಿನ್ ಅಬೀತಾಲಿಬ್(ರ) ಹುತಾತ್ಮರಾದ ವಾರ್ತೆ ಮದೀನಾ ತಲುಪಿದಾಗ, ಆ ಮನೆಯವರು ದುಃಖದಲ್ಲಿದ್ದಾರೆ, ಅವರಿಗಾಗಿ ಅಡುಗೆ ಮಾಡಿರಿ ಎಂದು ಪ್ರವಾದಿವರ್ಯರು(ಸ) ಸೂಚಿಸಿದರು. ನಮ್ಮ ಕೂಡ್ಲಿಗಿ, ಕೊಟ್ಟೂರು ಸೀಮೆಯಲ್ಲಿ ಈ ಕ್ರಮ ಜಾತಿಮತ ನೋಡದೆ ಇಂದಿಗೂ ನಡೆದಿದೆ. ಮುಸ್ಲಿಮರ ಮನೆಯಲ್ಲಿ ಮಯ್ಯತ್ ಆದರೆ ನೆರೆಯ ಲಿಂಗಾಯತರ, ನಾಯಕರ ಮನೆಗಳಿಂದ ಜೋಳದ ರೊಟ್ಟಿ, ಪುಂಡಿಪಲ್ಲೆ ಬರುತ್ತವೆ. ಶೋಕದ ಮನೆಯಲ್ಲಿ ವಾದವಿವಾದ ಸಲ್ಲದು ಎಂಬುದನ್ನು ಮದರಸಾದ ಮಕ್ಕಳೂ ಬಲ್ಲರು. ಆದರೆ ಶೋಕದಲ್ಲಿರುವವನೇ ವಿಷಯವೆತ್ತಿ ಉತ್ತರ ಕೇಳಿದರೆ?

ನಮ್ಮ ಜಮಾಅತಿನ ಹಿರಿಯರೊಬ್ಬರ ಕಿರಿಯ ಮಗ ಮೆಕ್ಕೆಜೋಳದ ಹೊಲ ಕಾಯಲು ರಾತ್ರಿ ಹೋಗಿದ್ದ. ಪಕ್ಕದ ಹೊಲದ ರೈತ ಕಾಡುಹಂದಿಯೆಂದು ಭಾವಿಸಿ ಸಪ್ಪಳ ಬಂದ ಕಡೆ ಬಂದೂಕು ಹಾರಿಸಿದ. ಹುಡುಗ ಆಸ್ಪತ್ರೆ ತಲುಪಲಿಲ್ಲ. ಗುಂಡು ಹಾರಿಸಿದಾತ ಎದೆ ಬಡಿದುಕೊಂಡು ಅತ್ತದ್ದನ್ನು ಊರೆಲ್ಲ ನೋಡಿದೆ. ಪ್ರಕರಣ ನ್ಯಾಯಾಲಯದಲ್ಲಿರುವುದರಿಂದ ಅದರ ಬಗ್ಗೆ ಹೆಚ್ಚು ಬರೆಯಲಾರೆ.

ನಾಲ್ಕು ತಿಂಗಳ ತರುವಾಯ ಅದೇ ಊರಿನ ರೈತರು ಒಂದು ಅರ್ಜಿ ಸಿದ್ಧಪಡಿಸಿದರು: ಬೆಳೆ ರಕ್ಷಣೆಗೆ ಇನ್ನಷ್ಟು ಬಂದೂಕು ಪರವಾನಗಿ ನೀಡಬೇಕೆಂದು. ಸಹಿಗಾಗಿ ಮನೆಮನೆ ತಿರುಗಿದವರು ಆ ಹಿರಿಯರ ಮನೆಯನ್ನೂ ಬಿಡಲಿಲ್ಲ. ಇಶಾ ನಮಾಜಿನ ಬಳಿಕ ಅವರು ಆ ಕಾಗದವನ್ನು ನನ್ನ ಮುಂದೆ ಬಿಚ್ಚಿದರು.

"ಹಜ್ರತ್, ಸಹಿ ಹಾಕ್ಲೋ ಬ್ಯಾಡೋ? ದೀನ್ ಏನು ಹೇಳ್ತೈತಿ, ನೀವ ಹೇಳ್ರಿ."

ಅರ್ಜಿದಾರರನ್ನು ಕಲ್ಲುಹೃದಯದವರೆನ್ನಲು ನನ್ನ ಮನಸ್ಸು ಒಪ್ಪಲಿಲ್ಲ. ಹಂದಿಗಳ ಹಿಂಡು ಒಂದೇ ರಾತ್ರಿಯಲ್ಲಿ ಶೇಂಗಾ ಹೊಲವನ್ನು ಉತ್ತು ಹಾಕುತ್ತದೆ. ಕೂಡ್ಲಿಗಿ ತಾಲ್ಲೂಕಿನಲ್ಲೇ ಗುಡೇಕೋಟೆ ಕರಡಿಧಾಮವಿದೆ. ಕತ್ತಲಲ್ಲಿ ಹೊಲಕ್ಕೆ ಹೋಗುವವನಿಗೆ ಕರಡಿಯ ಭಯ ಕಟ್ಟುಕಥೆಯಲ್ಲ. ಸಾಲ ಮಾಡಿ ಬಿತ್ತಿದವನ ಸಂಕಟಕ್ಕೆ ಧರ್ಮವೂ ಕಿವಿಗೊಡುತ್ತದೆ. ತನ್ನ ಸೊತ್ತನ್ನು ರಕ್ಷಿಸುತ್ತಾ ಕೊಲ್ಲಲ್ಪಟ್ಟವನು ಹುತಾತ್ಮನೆಂಬ ಆಶಯದ ಹದೀಸ್ ಇದೆಯಷ್ಟೆ. ಇದನ್ನು ನಾನು ಅವರಿಂದ ಮುಚ್ಚಿಡಲಿಲ್ಲ.

ಜೊತೆಗಿದ್ದ ಅವರ ಅಣ್ಣನ ಮಗ, ಡಿಗ್ರಿ ಓದುವ ತರುಣ, ಬಿಸಿಯಾಗಿದ್ದ. ಬಂದೂಕು ರೈತನ ಹಕ್ಕಂತೆ, ಕೊಡಗಿನವರಿಗೆ ಲೈಸೆನ್ಸೇ ಬೇಡವಂತೆ, ನಮಗೇಕಿಲ್ಲವೆಂದು ಅರ್ಜಿಯವರು ಹೇಳಿಹೋಗಿದ್ದರು. ಕೊಡಗಿನ ಮಾತು ನಿಜ. ಬ್ರಿಟಿಷರ ಕಾಲದಿಂದ ಕೊಡವರಿಗೂ ಜಮ್ಮಾ ಭೂಹಿಡುವಳಿದಾರರಿಗೂ ಪರವಾನಗಿಯ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ನಮ್ಮ ಹೈಕೋರ್ಟ್ ಎತ್ತಿಹಿಡಿಯಿತು. ಆದರೆ ಅದು ವಿನಾಯಿತಿಯೇ ಹೊರತು ಎಲ್ಲರಿಗೂ ಸಲ್ಲುವ ಹಕ್ಕಲ್ಲ. ಅಮೆರಿಕದ ಸಂವಿಧಾನಕ್ಕೆ 1791ರಲ್ಲಿ ಸೇರಿದ ಎರಡನೆಯ ತಿದ್ದುಪಡಿ ಆಯುಧ ಹೊಂದುವುದನ್ನು ಹಕ್ಕೆಂದು ಕರೆಯಿತು. ನಮ್ಮ ಸಂವಿಧಾನದ ಹಕ್ಕುಗಳ ಅಧ್ಯಾಯದಲ್ಲಿ, 19ನೆಯ ವಿಧಿಯಲ್ಲಿ, ಆಯುಧದ ಪ್ರಸ್ತಾಪ ಬರುವುದು ಆಯುಧಗಳಿಲ್ಲದೆ ಶಾಂತಿಯಿಂದ ಸಭೆ ಸೇರಬಹುದು ಎನ್ನುವಾಗ! ಉಳಿದದ್ದು 1959ರ ಶಸ್ತ್ರಾಸ್ತ್ರ ಕಾಯಿದೆಗೆ ಬಿಟ್ಟ ವಿಚಾರ. ಮದ್ದು ಗಿಡಿದು ಹಾರಿಸುವ ಬಂದೂಕಿಗೆ ಬೆಳೆ ರಕ್ಷಣೆಯ ಹೆಸರಿನಲ್ಲಿ ಪರವಾನಗಿ ಕೊಡಲು ಅದರಲ್ಲಿ ಅವಕಾಶವಿದೆ. ಆದರೆ ಆ ಪರವಾನಗಿ ಬೇಟೆಯ ಅನುಮತಿಯಲ್ಲ. ವನ್ಯಜೀವಿಗಳಿಗೆ 1972ರ ಕಾಯಿದೆ ಬೇರೆಯೇ ಇದೆ. ಚುನಾವಣೆ ಬಂದಾಗ ಬಂದೂಕುಗಳನ್ನು ಠಾಣೆಯಲ್ಲಿ ಠೇವಣಿ ಇಟ್ಟು ಬರುವ ನಮ್ಮ ರೈತರಿಗೆ, ಅದು ಸರಕಾರ ಕೊಟ್ಟು ಹಿಂಪಡೆಯಬಲ್ಲ ವಸ್ತುವೆಂದು ಬೇರೆ ಹೇಳಬೇಕಾಗಿಲ್ಲ.

ತರುಣ ಸುಮ್ಮನಾದ. ತಂದೆ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದರು. ಅವರು ಕೇಳಿದ್ದು ಕಾನೂನನ್ನಲ್ಲ.

ಸಹೋದರನ ಕಡೆಗೆ ಆಯುಧ ತೋರಬೇಡಿ, ಶೈತಾನನು ಕೈ ಜಾರಿಸಿಯಾನು ಎಂದು ಪ್ರವಾದಿವರ್ಯರು(ಸ) ಎಚ್ಚರಿಸಿರುವರು. ಬಾಣಗಳೊಂದಿಗೆ ಮಸೀದಿ, ಮಾರುಕಟ್ಟೆಗಳಲ್ಲಿ ಹಾದುಹೋಗುವವನು ಅವುಗಳ ಮೊನೆಯನ್ನು ಹಿಡಿದುಕೊಳ್ಳಬೇಕು. ಒರೆಯಿಂದ ಹಿರಿದ ಖಡ್ಗವನ್ನು ಕೈಯಿಂದ ಕೈಗೆ ಕೊಡಬಾರದು. ಖಡ್ಗ ಇಟ್ಟುಕೊಳ್ಳುವುದು ಸಾಮಾನ್ಯವಾಗಿದ್ದ ಸಮಾಜಕ್ಕೆ ಹೇಳಿದ ಮಾತುಗಳಿವು. ಆಯುಧವನ್ನು ನಿಷೇಧಿಸದೆ, ಅದರ ಮೊನೆಯ ಹೊಣೆಯನ್ನು ಹಿಡಿದವನ ಕೈಗೇ ಕಟ್ಟಿದರು. ಪ್ರಮಾದದಿಂದಾದ ಹತ್ಯೆಗೂ ಸೂರಃ ಅನ್ನಿಸಾದಲ್ಲಿ ಪರಿಹಾರಧನ ಮತ್ತು ಪ್ರಾಯಶ್ಚಿತ್ತ ವಿಧಿಸಲಾಗಿದೆ. ಬೇಕೆಂದು ಮಾಡಿದ್ದಲ್ಲ ಎಂಬ ಒಂದೇ ಮಾತಿಗೆ ಪ್ರಾಣದ ಲೆಕ್ಕ ಮುಗಿಯುವುದಿಲ್ಲ. ಇಷ್ಟು ಹೇಳಿ, ಸಹಿ ಹಾಕದಿದ್ದರೆ ನೀವು ಊರಿಗೆ ದ್ರೋಹ ಬಗೆದಂತಾಗದು, ಹಾಕಿದರೆ ಮಗನನ್ನು ಮರೆತಂತೆಯೂ ಆಗದು ಎಂದೆ.

ಅವರಿಗೆ ನ್ಯೂಜಿಲೆಂಡಿನ ಸಂಗತಿಯನ್ನೂ ತಿಳಿಸಿದೆ. 2019ರ ಮಾರ್ಚ್ 15ರ ಶುಕ್ರವಾರ ಕ್ರೈಸ್ಟ್‌ಚರ್ಚ್‌ನ ಎರಡು ಮಸೀದಿಗಳಲ್ಲಿ 51 ಮಂದಿಯನ್ನು ಕೊಂದವನ ಬಳಿ ಪರವಾನಗಿ ಇತ್ತು. ಹತರಾದವರಲ್ಲಿ ಫರೀದ್ ಅಹ್ಮದ್‌ರ ಮಡದಿ ಹುಸ್ನಾ ಕೂಡ ಒಬ್ಬರು. ಫರೀದ್ ಕೊಲೆಗಾರನನ್ನು ಬಹಿರಂಗವಾಗಿ ಕ್ಷಮಿಸಿದರು. ಆ ದೇಶದ ಸಂಸತ್ತು ಒಂದು ತಿಂಗಳೊಳಗೆ ಬಹುತೇಕ ಅರೆಸ್ವಯಂಚಾಲಿತ ಬಂದೂಕುಗಳನ್ನು ನಿಷೇಧಿಸಿತು. ಒಬ್ಬನ ಕ್ಷಮೆ ಕಾನೂನನ್ನು ತಡೆಯಲಿಲ್ಲ, ಕಾನೂನು ಬಂತೆಂದು ಕ್ಷಮೆಯೂ ಹುಸಿಯಾಗಲಿಲ್ಲ. ಹಿರಿಯರು ಇದನ್ನು ಎರಡು ಸಲ ಕೇಳಿಸಿಕೊಂಡರು. "ಆತನೂ ಮಾಫ್ ಮಾಡಿದನಾ?" ಎಂದಷ್ಟೇ ಕೇಳಿದರು. ಅವರೂ ಪಕ್ಕದ ಹೊಲದವನನ್ನು ದಫನದ ದಿನವೇ ಕ್ಷಮಿಸಿದ್ದರು.

ಆಮೇಲೆ ಕಾಗದವನ್ನು ಮಗುಚಿ, ಹಿಂಬದಿಯಲ್ಲಿ ಬರೆಯಲು ನನಗೆ ಹೇಳಿದರು: ರಾತ್ರಿ ಬಂದೂಕು ಹಿಡಿದು ಹೊಲಕ್ಕೆ ಹೋಗುವವರು ಸುತ್ತಲ ಹೊಲದವರಿಗೆ ಮೊದಲೇ ಫೋನ್ ಮಾಡಬೇಕು, ಕಣ್ಣಿಗೆ ಕಾಣದ ಸಪ್ಪಳಕ್ಕೆ ಗುಂಡು ಹಾರಿಸಬಾರದು, ಹಂದಿಗೆ ಬೇಲಿ ಹಾಕಿಸಲು ಸರಕಾರವನ್ನು ಕೇಳಬೇಕು. ಮುಂಬದಿಯಲ್ಲಿ ತಮ್ಮ ಹೆಸರಿಗೆಂದು ಬಿಟ್ಟಿದ್ದ ಜಾಗವನ್ನು ಹಾಗೆಯೇ ಬಿಟ್ಟು, ಈ ಮೂರು ಸಾಲುಗಳ ಕೆಳಗೆ ಸಹಿ ಮಾಡಿದರು. ಮರುದಿನ ಅರ್ಜಿ ಒಯ್ಯಲು ಬಂದವರು ಅದನ್ನೋದಿ ತುಸು ಹೊತ್ತು ನಿಂತರು. ಅವರಲ್ಲಿ ಇಬ್ಬರು ಕಾಗದ ತಿರುವಿ ಹಿಂಬದಿಗೂ ಸಹಿ ಹಾಕಿದರು.