ಸಂಕ ದಾಟಿದವರು

ಮಳೆಗಾಲದಲ್ಲಿ ಊರಿಗೆ ಹೋದರೆ ಮಾಡೋಕೆ ಕೆಲಸ ಅಂತ ಇರಲ್ಲ. ಕರೆಂಟು ಇದ್ದರೆ ನೆಟ್‌ವರ್ಕ್ ಇರಲ್ಲ, ನೆಟ್‌ವರ್ಕ್ ಬಂತು ಅನ್ನುವಷ್ಟರಲ್ಲಿ ಕರೆಂಟು ಹೋಗಿರತ್ತೆ. ಮೊನ್ನೆ ಎರಡು ದಿನ ರಜೆ ಹಾಕಿ ಮೇಗುಂದದ ಮನೆಗೆ ಹೋದವನು, ಜಗಲಿಯಲ್ಲಿ ಕೂತು ಕಾಲೇಜು ದಿನಗಳ ಹಳೇ ಹಾರ್ಡ್‌ಡಿಸ್ಕ್ ಕೆದಕುತ್ತಿದ್ದೆ. ಫೋಟೋಗಳು, ಲ್ಯಾಬ್ ರೆಕಾರ್ಡುಗಳು, ಯಾರ್ಯಾರದೋ ರೆಸ್ಯೂಮುಗಳು... ಅವುಗಳ ನಡುವೆ 'ಗ್ಲೆನ್‌ಗ್ಯಾರಿ ಗ್ಲೆನ್ ರಾಸ್' ಸಿನಿಮಾ. ಅದರ ಪಕ್ಕದಲ್ಲೇ ಒಂದು ಫೋಲ್ಡರ್, ಗೆಳೆಯನ ಸ್ಕ್ರಿಪ್ಟುಗಳದ್ದು. ಆ ಗೆಳೆಯನ ಜೊತೆ ನಾನು ಮಾತು ಬಿಟ್ಟು ವರ್ಷಗಳೇ ಆದವು.

ಅವನೂ ನಮ್ಮ ಕಡೆಯವನೇ, ನರಸಿಂಹರಾಜಪುರದ ಹತ್ತಿರದವನು. ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ ನಾಲ್ಕು ವರ್ಷ ನನ್ನ ರೂಮ್‌ಮೇಟ್. ಸರ್ಕ್ಯೂಟು ಬಿಟ್ಟು ಉಳಿದದ್ದೆಲ್ಲ ಓದುತ್ತಿದ್ದ. ಕೈಯಲ್ಲಿ ಯಾವಾಗಲೂ ಒಂದು ಸ್ಕ್ರಿಪ್ಟು. ಸೈಟು ಮಾರುವ ಸೇಲ್ಸ್‌ಮನ್‌ಗಳ ಕಥೆಯಾದ ಆ 1992ರ ಸಿನಿಮಾವನ್ನು ನಾವು ಎಷ್ಟು ಸಲ ನೋಡಿದ್ದೆವೋ ಲೆಕ್ಕ ಇಲ್ಲ. ಬರೆದವರು ಡೇವಿಡ್ ಮ್ಯಾಮೆಟ್. ಮೂಲ ನಾಟಕಕ್ಕೆ 1984ರಲ್ಲಿ ಪುಲಿಟ್ಜರ್ ಬಂದಿತ್ತು. 'ದಿ ವರ್ಡಿಕ್ಟ್', 'ದಿ ಅನ್‌ಟಚಬಲ್ಸ್' ಚಿತ್ರಕಥೆಗಳೂ ಅವರವೇ. ಮಾತಿನ ಮಧ್ಯೆ ಮಾತು ಕತ್ತರಿಸುವ ಅವರ ಸಂಭಾಷಣೆಯ ಧಾಟಿಯನ್ನು ಕನ್ನಡದಲ್ಲಿ ತರಬೇಕು ಅಂತ ಇವನಿಗೆ ಹುಚ್ಚು.

ಅದೇ ಮ್ಯಾಮೆಟ್ 2008ರ ಮಾರ್ಚಿನಲ್ಲಿ 'ವಿಲೇಜ್ ವಾಯ್ಸ್' ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ನಾನು ಇನ್ನು ಮೇಲೆ ಮೆದುಳು ಸತ್ತ ಲಿಬರಲ್ ಅಲ್ಲ, ಅನ್ನೋ ಅರ್ಥದ ತಲೆಬರಹ. ನ್ಯೂಯಾರ್ಕಿನ ಎಡಪಂಥೀಯರ ಮನೆಮಾತಾಗಿದ್ದ ಪತ್ರಿಕೆಯಲ್ಲೇ ಹೋಗಿ ಇದನ್ನು ಬರೆದದ್ದು ನೋಡಿ! ಮುಂದೆ 2011ರಲ್ಲಿ 'ದಿ ಸೀಕ್ರೆಟ್ ನಾಲೆಜ್' ಅನ್ನೋ ಪುಸ್ತಕವನ್ನೇ ಬರೆದರು, ಆಮೇಲೆ ಟ್ರಂಪ್ ಬೆಂಬಲಿಗರಾದರು. ಹಾಸ್ಟೆಲಿನಲ್ಲಿ ಆ ಲೇಖನ ಓದಿ ಗೆಳೆಯ ಬೈದದ್ದು ಇನ್ನೂ ನೆನಪಿದೆ. "ದುಡ್ಡು ಜಾಸ್ತಿ ಆದ್ರೆ ಎಲ್ಲಾ ಹೀಗೇ ಕಣೋ" ಅಂದಿದ್ದ. ನಾನು ತಲೆ ಆಡಿಸಿದ್ದೆ. ಆ ಲೇಖನದಲ್ಲಿ ಇದ್ದ ಒಂದು ಮಾತನ್ನು ನಾವಿಬ್ಬರೂ ಆಗ ಸರಿಯಾಗಿ ಓದಲೇ ಇಲ್ಲ ಅಂತ ಈಗ ಅನ್ನಿಸತ್ತೆ. ಮನುಷ್ಯರು ಮೂಲತಃ ಒಳ್ಳೆಯವರು ಅನ್ನೋದು ನನ್ನ ರಾಜಕೀಯವಾಗಿತ್ತು, ಆದರೆ ನಾನು ನಲವತ್ತು ವರ್ಷ ಬರೆದದ್ದೆಲ್ಲ ಅದಕ್ಕೆ ವಿರುದ್ಧವಾಗಿಯೇ ಇತ್ತು ಅಂತ ಅವರು ಅಲ್ಲಿ ಒಪ್ಪಿಕೊಳ್ಳುತ್ತಾರೆ. ಅಂದರೆ ನಾಟಕ ಮೊದಲೇ ದಾಟಿತ್ತು, ನಾಟಕಕಾರ ಆಮೇಲೆ ದಾಟಿದ್ದು.

ಸಂಜೆ ಕಾಫಿ ಕುಡೀತಾ ಚಿಕ್ಕಜ್ಜನಿಗೆ (ನಮ್ಮಜ್ಜನ ತಮ್ಮ) ಈ ಕಥೆ ಹೇಳಿದೆ. ಅವರಿಗೆ ಎಂಬತ್ತರ ಹತ್ತಿರ. ಹಳದಿ ಎಲೆ ರೋಗಕ್ಕೆ ಅರ್ಧ ತೋಟ ಹೋಗಿ, ಉಳಿದದ್ದಕ್ಕೆ ಈಗ ಎಲೆಚುಕ್ಕಿ ಬಂದಿದೆ, ಆದರೂ ಗತ್ತು ಕಮ್ಮಿಯಾಗಿಲ್ಲ. ಪೂರ್ತಿ ಕೇಳಿಸಿಕೊಂಡು, "ಅದಕ್ಕೆ ಅಮೆರಿಕಾಕ್ಕೆ ಎಂತಕ್ಕೆ ಹೋಗ್ತೀಯ ಮಾರಾಯ, ನಮ್ಮಲ್ಲಿ ಅಡಿಗರು ಇರ್ಲಿಲ್ವ?" ಅಂದರು.

ಚಿಕ್ಕಜ್ಜ ಸಾಗರದ ಲಾಲ್ ಬಹದ್ದೂರ್ ಕಾಲೇಜಿನಲ್ಲಿ ಓದಿದವರು. 1964ರಿಂದ 68ರವರೆಗೆ ಅಲ್ಲಿ ಗೋಪಾಲಕೃಷ್ಣ ಅಡಿಗರು ಪ್ರಿನ್ಸಿಪಾಲರು. ಸಾಗರ ಅಂದರೆ ಆಗ ಸಮಾಜವಾದಿಗಳ ಊರು. 1951ರ ಕಾಗೋಡು ಸತ್ಯಾಗ್ರಹದ ನೆಲ, ಶಾಂತವೇರಿ ಗೋಪಾಲಗೌಡರ ಕ್ಷೇತ್ರ. ಲೋಹಿಯಾ ಹೆಸರು ಹೇಳದೆ ಹೋಟೆಲಿನಲ್ಲಿ ಕಾಫಿ ಕೊಡ್ತಿರಲಿಲ್ಲ ಅಂತ ಚಿಕ್ಕಜ್ಜನ ಉತ್ಪ್ರೇಕ್ಷೆ. ಅಡಿಗರು ಕಮ್ಯೂನಿಸ್ಟರೇನಲ್ಲ, ಆದರೆ ಈ ಸಮಾಜವಾದಿ ಹುಡುಗರಿಗೆ ಅವರೇ ಕವಿ. ಸ್ವಾತಂತ್ರ್ಯ ಬಂದ ಹೊಸದರಲ್ಲಿ 'ಕಟ್ಟುವೆವು ನಾವು' ಅಂತ ಹೊಸ ನಾಡಿನ ಕನಸು ಬರೆದವರು. ಅನಂತಮೂರ್ತಿಯವರಂಥವರು ಗುರು ಅಂತ ಹೇಳಿಕೊಂಡದ್ದೂ ಅವರನ್ನೇ.

ಅಂಥವರು 1971ರ ಲೋಕಸಭಾ ಚುನಾವಣೆಗೆ ಜನಸಂಘದ ಬೆಂಬಲದಿಂದ ಬೆಂಗಳೂರಿನಲ್ಲಿ ನಿಂತುಬಿಟ್ಟರು. ಚಿಕ್ಕಜ್ಜ 'ಭೂಮಿಗೀತ' ಪುಸ್ತಕವನ್ನು ಪೇಪರಿನಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರಂತೆ. ಹರಿದು ಹಾಕೋಕೆ ಮನಸ್ಸು ಬರಲಿಲ್ಲ, ಕಪಾಟಿನಲ್ಲಿ ಇಟ್ಟುಕೊಳ್ಳೋಕೂ ಆಗಲಿಲ್ಲ.

ಇಲ್ಲಿ ಒಂದು ತಮಾಷೆ ಇದೆ. ಆ ಚುನಾವಣೆಯಲ್ಲಿ ಇಂದಿರಾ ವಿರುದ್ಧದ ಮಹಾ ಮೈತ್ರಿಕೂಟದಲ್ಲಿ ಸಂಸ್ಥಾ ಕಾಂಗ್ರೆಸ್, ಸ್ವತಂತ್ರ ಪಕ್ಷ, ಜನಸಂಘ ಇದ್ದವು. ಜೊತೆಗೆ ಸಂಯುಕ್ತ ಸಮಾಜವಾದಿ ಪಕ್ಷವೂ ಇತ್ತು! ಅಂದರೆ ಚಿಕ್ಕಜ್ಜನ ಪಕ್ಷವೇ ಆ ಕಡೆ ಕೂತಿತ್ತು. ಅದನ್ನು ಕೇಳಿದೆ. "ಪಕ್ಷ ಎಂತ ಬೇಕಾರೂ ಮಾಡ್ಲಿ, ಕವಿ ಮಾಡಬಾರದು ಅಂತ ಇತ್ತು ನಮಗೆ" ಅಂದರು.

ಅಡಿಗರು ಸೋತರು. ಆಗಿನ ಮೈಸೂರು ರಾಜ್ಯದ 27ಕ್ಕೆ 27 ಸ್ಥಾನಗಳನ್ನೂ ಇಂದಿರಾ ಕಾಂಗ್ರೆಸ್ ಬಾಚಿಕೊಂಡಿತ್ತು. ನನಗೆ ಈ ಸಂಖ್ಯೆ ಮುಖ್ಯ ಅನ್ನಿಸತ್ತೆ. ಸರ್ಕಾರ ಬದಲಾದ ವಾರದಲ್ಲೇ ಶಾಲಿನ ಬಣ್ಣ ಬದಲಾಯಿಸಿ ಅಕಾಡೆಮಿ, ಪ್ರಾಧಿಕಾರದ ಕುರ್ಚಿಗೆ ಓಡುವವರನ್ನು ನಾವು ಎರಡೂ ಕಡೆ ಸಾಕಷ್ಟು ನೋಡಿದ್ದೇವೆ. ಅವರ ಬಗ್ಗೆ ಬರೆಯೋಕೆ ನನಗೆ ಆಸಕ್ತಿ ಇಲ್ಲ. ಅಡಿಗರು ಹೋದದ್ದು ಸೋಲುವ ಕಡೆಗೆ, ಗಾಳಿಗೆ ಎದುರಾಗಿ. ಆಸೆಗೆ ದಾಟಿದವರು ಅಂತ ಹೇಳೋಕೆ ಬರಲ್ಲ.

ಹಾಗಾದರೆ ಎಂದಿನಿಂದ ದಾಟಿದ್ದರು? ಓದಿದರೆ ಗೊತ್ತಾಗತ್ತೆ. 1954ರ 'ಚಂಡೆಮದ್ದಳೆ'ಯಲ್ಲೇ 'ಗೊಂದಲಪುರ' ಇದೆ, ಸ್ವತಂತ್ರ ಭಾರತದ ಕಲಸುಮೇಲೋಗರದ ಮೇಲಿನ ವ್ಯಂಗ್ಯ. ನೆಹರೂ ಬದುಕಿದ್ದಾಗಲೇ 'ನೆಹರೂ ನಿವೃತ್ತರಾಗುವುದಿಲ್ಲ' ಬರೆದರು. 'ಭೂತ' ಪದ್ಯದಲ್ಲಿ ಹಿರಿಯರು ಹುಗಿದದ್ದನ್ನು ಅಗೆಯುವ, ಅದಿರನ್ನು ಶೋಧಿಸಿಕೊಳ್ಳುವ ಹಂಬಲ. ಕಟ್ಟುತ್ತೇವೆ ಅಂದವನಿಗೆ ಕಟ್ಟುವವರ ಮೇಲೇ ಅನುಮಾನ ಬಂದು ಹದಿನೈದು ವರ್ಷ ಕಳೆದಿತ್ತು. ಅದನ್ನೆಲ್ಲ ಬಾಯಿಪಾಠ ಮಾಡಿ ಹೇಳಿಕೊಂಡು ತಿರುಗುತ್ತಿದ್ದ ಹುಡುಗರಿಗೆ ಎಚ್ಚರ ಆದದ್ದು ಮಾತ್ರ ಪಕ್ಷದ ಹೆಸರು ಕೇಳಿದಾಗ.

ಮಾರನೇ ದಿನ ಮಳೆ ಸ್ವಲ್ಪ ಬಿಟ್ಟಿತ್ತು. ಬೈಕ್ ತೆಗೆದುಕೊಂಡು ಶೃಂಗೇರಿ ಹತ್ತಿರದ ವೈಕುಂಠಪುರಕ್ಕೆ ಹೋಗಿ ಬಂದೆ. 'ಸಂಸ್ಕಾರ' ಸಿನಿಮಾ ಶೂಟಿಂಗ್ ಆದ ಜಾಗ. ಗೆಳೆಯನ ಜೊತೆ ಒಮ್ಮೆ ಹೋಗಿದ್ದೆ. ಅವನಿಗೆ ಅದು ತೀರ್ಥಯಾತ್ರೆ ಇದ್ದ ಹಾಗೆ. ಚಿತ್ರಕಥೆ ಗಿರೀಶ ಕಾರ್ನಾಡರದ್ದು, ಪ್ರಾಣೇಶಾಚಾರ್ಯರೂ ಅವರೇ. ನಾರಣಪ್ಪನಾಗಿ ಲಂಕೇಶ್. ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ, ಚಂದ್ರಿಯಾಗಿ ಅವರ ಹೆಂಡತಿ ಸ್ನೇಹಲತಾ. ಮದರಾಸಿನ ಸೆನ್ಸಾರ್ ಮಂಡಳಿ ಮೊದಲು ತಡೆಹಿಡಿದಿದ್ದ ಸಿನಿಮಾ, ಕೊನೆಗೆ 1970ರ ಸ್ವರ್ಣಕಮಲ ಪಡೆಯಿತು. ಅಡಿಗರ ಪದ್ಯ ಓದಿಕೊಂಡು ಬೆಳೆದ ಬಳಗದ ಸಿನಿಮಾ ಅಂದರೆ ತಪ್ಪಾಗಲ್ಲ. ಆದರೆ ಚಿತ್ರಕಥೆ ಬರೆದ ಕಾರ್ನಾಡರು ಕೊನೇವರೆಗೂ ದಾಟಲಿಲ್ಲ. 2018ರ ಸೆಪ್ಟೆಂಬರಿನಲ್ಲಿ, ಮೂಗಿಗೆ ಆಕ್ಸಿಜನ್ ಕೊಳವೆ ಹಾಕಿಕೊಂಡೇ, 'ನಾನೂ ಅರ್ಬನ್ ನಕ್ಸಲ್' ಅನ್ನೋ ಫಲಕ ಕೊರಳಿಗೆ ತೂಗುಹಾಕಿಕೊಂಡು ಕೂತರು.

ಆ ಫಲಕ ನೋಡಿ ನಮ್ಮೂರಲ್ಲಿ ಯಾರೂ ನಗಲಿಲ್ಲ, ಯಾಕೆ ಅಂತ ಬಯಲುಸೀಮೆಯವರಿಗೆ ಹೇಳಬೇಕು. ನಾನು ಪ್ರೈಮರಿ ಸ್ಕೂಲಿನಲ್ಲಿದ್ದಾಗ, 2005ರ ಫೆಬ್ರವರಿಯಲ್ಲಿ, ಮೆಣಸಿನಹಾಡ್ಯದ ಹತ್ತಿರ ಪೊಲೀಸರ ಗುಂಡಿಗೆ ಸಾಕೇತ್ ರಾಜನ್ ಸತ್ತರು. ಕುದುರೆಮುಖ ರಾಷ್ಟ್ರೀಯ ಉದ್ಯಾನ ಅಂತ ಕಾಡಿನವರನ್ನು ಎಬ್ಬಿಸುವ ಭಯ ಇದ್ದ ಕಾಲ ಅದು. ಜೀಪು ನಿಂತರೆ ಅಮ್ಮ ಬಾಗಿಲು ಹಾಕೋಳು. ರಾತ್ರಿ ಬಂದು ಅಕ್ಕಿ ಕೇಳುವವರು ಒಂದು ಕಡೆ, ಬೆಳಿಗ್ಗೆ ಬಂದು ಯಾಕೆ ಕೊಟ್ಟಿರಿ ಅನ್ನುವವರು ಇನ್ನೊಂದು ಕಡೆ. 2025ರ ಜನವರಿಯಲ್ಲಿ ಮುಂಡಗಾರು ಲತಾ ಸೇರಿದಂತೆ ಆರು ಜನ ಶರಣಾದಾಗ ಅಮ್ಮ ಟಿವಿ ಮುಂದೆ "ಪಾಪ, ಹೇಗಾಗಿದಾಳೆ ನೋಡು" ಅಂದದ್ದಷ್ಟೇ. ನಮಗೆ ಎಡ, ಬಲ ಅನ್ನೋವು ಫೇಸ್‌ಬುಕ್ಕಿನಲ್ಲಿ ಕಲಿತ ಪದಗಳಲ್ಲ.

ನಮ್ಮ ಕಡೆ ಈ ದಾಟುವಿಕೆ ಇಷ್ಟು ಸಲೀಸಾಗಿ ಆದದ್ದು ಹೇಗೆ ಅಂತ ನಾನು ತುಂಬ ಯೋಚಿಸಿದ್ದೇನೆ. ಕಾರಣ ಲೋಹಿಯಾರ ಕಾಂಗ್ರೆಸ್ ವಿರೋಧ. 1967ರಲ್ಲೇ ಉತ್ತರದ ಕೆಲವು ರಾಜ್ಯಗಳಲ್ಲಿ ಸಮಾಜವಾದಿಗಳೂ ಜನಸಂಘದವರೂ ಒಟ್ಟಿಗೆ ಸರ್ಕಾರ ಮಾಡಿದ್ದರು. ಆಮೇಲೆ ತುರ್ತು ಪರಿಸ್ಥಿತಿ. ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಅಡ್ವಾಣಿ, ಮಧು ದಂಡವತೆ ಒಟ್ಟಿಗಿದ್ದರು. ಅದೇ ಜೈಲಿನಲ್ಲಿ ಇತ್ತ 'ಸಂಸ್ಕಾರ'ದ ಚಂದ್ರಿ, ಸ್ನೇಹಲತಾ ರೆಡ್ಡಿ, ಆಸ್ತಮಾದಿಂದ ನರಳಿದರು. ಪೆರೋಲ್ ಮೇಲೆ ಬಿಟ್ಟ ಕೆಲವೇ ದಿನಗಳಿಗೆ, 1977ರ ಜನವರಿ 20ರಂದು ತೀರಿಕೊಂಡರು. ಅದೇ ವರ್ಷ ಜನಸಂಘ, ಸಮಾಜವಾದಿ ಪಕ್ಷ ಎಲ್ಲ ಕರಗಿ ಒಂದೇ ಜನತಾ ಪಕ್ಷ. ಮಲೆನಾಡಿನ ಕಾಲುಸಂಕ ಗೊತ್ತಲ್ಲ, ಹಳ್ಳಕ್ಕೆ ಅಡ್ಡ ಹಾಕಿದ ಎರಡು ಅಡಿಕೆ ಮರ? ಹಾಗೆ. ಹಾಕಿದ್ದು ಆಚೆಯವರೊಬ್ಬರೇ ಅಲ್ಲ, ಈಚೆಯವರೂ ಕೈ ಹಚ್ಚಿದ್ದರು. ನಡೆಯುವಾಗ ಸ್ವಲ್ಪ ಅಲ್ಲಾಡತ್ತೆ, ಒಂದೆರಡು ಮಳೆಗಾಲ ಕಳೆದ ಮೇಲೆ ಅಭ್ಯಾಸ ಆಗಿಬಿಡತ್ತೆ.

ಚಿಕ್ಕಜ್ಜನೂ ದಾಟಿದರು. ತೊಂಬತ್ತರ ದಶಕದಲ್ಲಿ ಯಾವಾಗಲೋ, ಯಾರಿಗೂ ಹೇಳದೆ. ಈಗ ಅವರ ಓಟು ಕಮಲಕ್ಕೇ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತು. "ಮತ್ತೆ ಆ ಪುಸ್ತಕ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. "92ರಲ್ಲಿ ಅಡಿಗರು ಹೋದ್ರಲ್ಲ, ಅವತ್ತು ಇಳಿಸಿದೆ. ಒರಲೆ ಅರ್ಧ ತಿಂದಿತ್ತು" ಅಂದರು. ಮುಂದೆ ಏನೋ ಹೇಳುವವರಿದ್ದರು, ಕೊಟ್ಟಿಗೆಯಲ್ಲಿ ದನ ಕೂಗಿತು ಅಂತ ಎದ್ದು ಹೋದರು.

ಅನಂತಮೂರ್ತಿಯವರು ಹೀಗೆ ಮಾಡಲಿಲ್ಲ. ಅಡಿಗರ ಆ ರಾಜಕೀಯವನ್ನು ಅವರು ಒಪ್ಪಲಿಲ್ಲ, ಆದರೆ ಗುರು ಅನ್ನೋದನ್ನು ಕೊನೆಯವರೆಗೂ ಬಿಡಲೂ ಇಲ್ಲ. ಅದು ದೊಡ್ಡವರ ಕಥೆ. ನನ್ನದು ಚಿಕ್ಕಜ್ಜನ ಜಾತಿ, ಅಟ್ಟಕ್ಕೆ ಎಸೆಯೋದು.

2019ರ ಮೇ 23, ಫಲಿತಾಂಶದ ದಿನ. ಕಾಲೇಜು ಮುಗಿಯುತ್ತಾ ಬಂದಿತ್ತು. ಗೆಳೆಯ ಸಂಜೆ ಒಂದು ಡಬ್ಬ ಪೇಡಾ ತಂದು ರೂಮಿನಲ್ಲಿಟ್ಟ. ಮೊದಲು ತಮಾಷೆ ಅಂದುಕೊಂಡೆ. ಅಲ್ಲ ಅಂತ ಗೊತ್ತಾದಾಗ ನನ್ನ ಬಾಯಿಂದ ಬಂದದ್ದು, "ಯಾರು ಫಂಡ್ ಮಾಡ್ತಾರಂತೆ ನಿನ್ ಸಿನಿಮಾನ?" ಅವನ ಮುಖ ಸಣ್ಣದಾಯ್ತು. "ನಾನು ನಿನ್ನೆ ರಾತ್ರಿ ಬದಲಾದೋನಲ್ಲ. ನೀನಂತೂ ಓದಿದೀಯಲ್ಲ" ಅಂದ. ಏನು ಓದಿದೀನಿ ಅಂತ ಆಗ ಹೊಳೆಯಲಿಲ್ಲ. ಇನ್ನೂ ಎರಡು ಮಾತು ಜಾಸ್ತಿ ಅಂದೆ. ಅವನ್ನು ಇಲ್ಲಿ ಬರೆಯಲ್ಲ.

ಮೊನ್ನೆ ವೈಕುಂಠಪುರದಿಂದ ಬಂದ ಮೇಲೆ ಆ ಫೋಲ್ಡರ್ ತೆರೆದೆ. 'ಒಕ್ಕಲು' ಅಂತ ಒಂದು ಕಿರುಚಿತ್ರದ ಸ್ಕ್ರಿಪ್ಟು, ಒಂದರಿಂದ ಏಳರವರೆಗೆ ವರ್ಷನ್ನುಗಳು. ಕೆಲಸದ ಚಟ, ಮೊದಲನೆಯದಕ್ಕೂ ಏಳನೆಯದಕ್ಕೂ ಡಿಫ್ ಹಾಕಿದೆ. ಸ್ಕ್ರೀನ್ ತುಂಬ ಕೆಂಪು, ಹಸಿರು.

ಕಾಡಂಚಿನ ಊರನ್ನು ಎಬ್ಬಿಸುವ ಕಥೆ. ಮೊದಲ ವರ್ಷನ್ನಿನಲ್ಲಿ ಪಟ್ಟಣದಿಂದ ಬಂದ ಕಾಮ್ರೇಡ್ ನಾಲ್ಕು ಪುಟ ಭಾಷಣ ಮಾಡುತ್ತಾನೆ, ದೇವಸ್ಥಾನದ ಭಟ್ಟರು ಇಲಾಖೆಯವರ ಜೊತೆ ಸೇರಿದ ಕಳ್ಳ. ನಾಲ್ಕನೆಯದರಲ್ಲಿ ಭಾಷಣ ಅರ್ಧ ಪುಟಕ್ಕೆ ಇಳಿದಿದೆ, ಭಟ್ಟರು ಸುಮ್ಮನಾಗಿದ್ದಾರೆ. ಏಳನೆಯದರಲ್ಲಿ ಕಾಮ್ರೇಡ್ ಬೆಂಗಳೂರಿನ ಸಭೆಯೊಂದರಲ್ಲಿ ಆ ಊರಿನ ಬಗ್ಗೆ ಮಾತಾಡುತ್ತಾ ಹುಡುಗನ ಹೆಸರನ್ನೇ ತಪ್ಪು ಹೇಳುತ್ತಾನೆ. ಇತ್ತ ಊರು ಖಾಲಿಯಾಗಿದೆ, ನೈವೇದ್ಯಕ್ಕೆ ಅಕ್ಕಿ ಕೊಡುವ ಮನೆಯಿಲ್ಲ, ಭಟ್ಟರು ಬರೀ ನೀರು ಇಟ್ಟು ಗಂಟೆ ಬಾರಿಸುತ್ತಾರೆ. ಕೇಳುವವರಿಲ್ಲ.

ಒಳ್ಳೇ ಸೀನು. ಆರು ವರ್ಷ ತಡವಾಗಿ ಹೇಳ್ತಿದೀನಿ, ನಿಜಕ್ಕೂ ಒಳ್ಳೇ ಸೀನು.

ಅದರ ಪಕ್ಕದಲ್ಲಿ ನನ್ನ ಕಾಮೆಂಟು ಹಾಗೇ ಇದೆ, ಹಳದಿ ಬಣ್ಣದಲ್ಲಿ. 'ವಿಲನ್ ಎಲ್ಲಿ? ಕಾನ್‌ಫ್ಲಿಕ್ಟ್ ವೀಕ್ ಆಯ್ತು. ಕಾಮ್ರೇಡ್ ಸ್ಪೀಚ್ ವಾಪಸ್ ಹಾಕು.' ದಿನಾಂಕ 2018ರ ಅಕ್ಟೋಬರ್. ಪೇಡಾ ಡಬ್ಬಕ್ಕೆ ಏಳು ತಿಂಗಳು ಮೊದಲು ಅವನು ನನಗೆ ಎಲ್ಲ ಹೇಳಿಬಿಟ್ಟಿದ್ದ. ನಾನು ಅವನ ಮೊದಲ ಓದುಗ, ಬಹುಶಃ ಒಬ್ಬನೇ ಓದುಗ.

ಅವನ ಓಟು ನನಗೆ ಇವತ್ತಿಗೂ ಒಪ್ಪಿಗೆ ಇಲ್ಲ. ಇಲಾಖೆಯವರನ್ನು ಅಷ್ಟು ಸುಲಭವಾಗಿ ಕಥೆಯಿಂದ ಹೊರಗೆ ಕಳಿಸಿದ್ದೂ ಸರಿಯಲ್ಲ ಅನ್ನಿಸತ್ತೆ. ಎಬ್ಬಿಸಿದ್ದು ಯಾರು ಅಂತ ಏಳನೇ ವರ್ಷನ್ನಿನಲ್ಲಿ ಗೊತ್ತೇ ಆಗಲ್ಲ. ಸಿಕ್ಕಿದರೆ ಇದರ ಮೇಲೇ ಜಗಳ ಆಡಬೇಕು. ಆದರೆ ಜಗಳ ಆಡೋಕೆ ಮೊದಲು ಮಾತು ಬೇಕಲ್ಲ...

ವಾಪಸ್ ಬರುವಾಗ ಕೊಪ್ಪ ಬಸ್‌ಸ್ಟ್ಯಾಂಡಿನಲ್ಲಿ ನೆಟ್‌ವರ್ಕ್ ಬಂತು. ಹಳೇ ನಂಬರಿಗೆ ಒಂದು ಮೆಸೇಜ್ ಹಾಕಿದೆ. 'ಒಕ್ಕಲು ಮತ್ತೆ ಓದಿದೆ. ಭಟ್ಟರ ಗಂಟೆ ಸೀನ್ ಚೆನ್ನಾಗಿದೆ.' ಬಸ್ಸು ಹೊರಟಿತು. ಬಾಳೆಹೊನ್ನೂರು ದಾಟಿ ಸುಮಾರು ಹೊತ್ತಿನ ಮೇಲೆ ಉತ್ತರ ಬಂತು.

'ಎಷ್ಟನೇ ವರ್ಷನ್? ಎಂಟೂ ಇದೆ.'