ನ್ಯೂರೆಂಬರ್ಗ್‌ನ ಡಬ್ಬಿಯಲ್ಲಿ ನಮ್ಮ ತೋಟದ ಏಲಕ್ಕಿ

ಡಿಸೆಂಬರ್‌ನಲ್ಲಿ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಸಂಜೆ ನಾಲ್ಕೂಕಾಲಿಗೆಲ್ಲ ಸೂರ್ಯ ಮುಳುಗಿಬಿಡ್ತಾನೆ. ಲ್ಯಾಪ್‌ಟಾಪ್ ಮುಚ್ಚಿ ಆಫೀಸಿನಿಂದ ಹೊರಬಂದರೆ ಆಗಲೇ ರಾತ್ರಿ. ಆದರೆ ಹಳೇ ಊರಿನ ಹೌಪ್ಟ್‌ಮಾರ್ಕ್ಟ್ ಚೌಕದ ಕಡೆ ನಾಲ್ಕು ಹೆಜ್ಜೆ ಹಾಕಿದರೆ ಸಾಕು, ಕ್ರಿಸ್‌ಮಸ್ ಬಂತು ಅಂತ ಕಣ್ಣಿಗಿಂತ ಮೊದಲು ಮೂಗಿಗೆ ಗೊತ್ತಾಗುತ್ತೆ. ಕೆಂಪು-ಬಿಳಿ ಪಟ್ಟೆ ಬಟ್ಟೆ ಹೊದಿಸಿದ ಮರದ ಅಂಗಡಿಗಳ ಸಾಲಿನಿಂದ ಚಕ್ಕೆ, ಲವಂಗ, ಏಲಕ್ಕಿ ಘಮ. ಥೇಟ್ ಅಮ್ಮ ಮಸಾಲೆ ಡಬ್ಬಿ ತೆಗೆದ ಹಾಗೆ.

ಆ ಘಮ ಲೆಬ್‌ಕೂಕನ್ ಅನ್ನೋ ತಿಂಡಿಯದು. ನೋಡೋಕೆ ದಪ್ಪ ಬಿಸ್ಕತ್ತು, ಬಾಯಿಗೆ ಮೆತ್ತನೆಯ ಕೇಕು. ಎಲಿಸನ್ ಲೆಬ್‌ಕೂಕನ್ ಅನ್ನೋ ಒಳ್ಳೇ ಬಗೆಯಲ್ಲಿ ಬಾದಾಮಿ, ಹೇಜಲ್‌ನಟ್, ಅಕ್ರೋಟ್ ಥರದ ಬೀಜಗಳು ಕಡಿಮೆ ಅಂದ್ರೂ 25 ಪರ್ಸೆಂಟ್ ಇರಬೇಕು, ಹಿಟ್ಟು 10 ಪರ್ಸೆಂಟ್ ಮೀರಬಾರದು. ಸುತ್ತಲಿನ ಕಾಡಿನಿಂದ ಜೇನು ಬರ್ತಿತ್ತು, ವೆನಿಸ್ ದಾರಿಯಲ್ಲಿ ಮಸಾಲೆ ಬರ್ತಿತ್ತು, ಹಾಗಾಗಿ ಈ ಕಸುಬು ಇಲ್ಲಿ ಬೇರು ಬಿಟ್ಟಿತು. 1643ರಲ್ಲೇ ಇದನ್ನು ಮಾಡುವವರಿಗೆ ಪ್ರತ್ಯೇಕ ಸಂಘ ಇತ್ತು. ಇಂಥ ತಿಂಡಿಗೆ ‘ಮೆಣಸಿನ ಕೇಕು’ ಅನ್ನೋ ಹೆಸರೂ ಇದೆ. ಆಗ ದೂರದೇಶದ ಮಸಾಲೆ ಎಲ್ಲಕ್ಕೂ ಮೆಣಸು ಅಂತಲೇ ಅಂತಿದ್ದರಂತೆ.

ಈ ಸಲ ಇದರ ಮಸಾಲೆ ಪುಡಿಯನ್ನ ಮನೆಯಲ್ಲೇ ಮಾಡೋಣ ಅನ್ನಿಸೋಕೆ ಕಾರಣ ಒಂದು ಪೊಟ್ಟಣ. ದೀಪಾವಳಿಗೆ ಊರಿಗೆ ಹೋಗಿದ್ದ ಸಹೋದ್ಯೋಗಿ ಕೈಲಿ ಅಪ್ಪ ಕಾಲು ಕೆಜಿ ಏಲಕ್ಕಿ ಕಳಿಸಿದ್ದರು. ನಮ್ಮದು ಸಕಲೇಶಪುರದ ಕಡೆ. ಕಾಫಿ ಜೊತೆ ತಾತನ ಕಾಲದ ಒಂದು ಎಕರೆ ಏಲಕ್ಕಿ ಇದೆ. ಇತ್ತು ಅನ್ನಬೇಕೇನೋ. ಕಟ್ಟೆ ರೋಗಕ್ಕೆ ಸಿಕ್ಕಿ ವರ್ಷದಿಂದ ವರ್ಷಕ್ಕೆ ಕಡಿಮೆ ಆಗ್ತಿದೆ. ಅದು ಹೇನಿನಂಥ ಕೀಟ ಹರಡುವ ವೈರಸ್. ಎಲೆ ಮೇಲೆ ತಿಳಿ ಹಸಿರು ಗೆರೆ ಮೂಡಿತು ಅಂದ್ರೆ ಔಷಧಿ ಇಲ್ಲ, ಬುಡ ಸಮೇತ ಕಿತ್ತು ಹಾಕಬೇಕು.

ಹಬ್ಬಕ್ಕೆ ಮೊದಲೇ ಅಪ್ಪ ಫೋನ್ ಮಾಡಿ, “ಏಲಕ್ಕಿ ಪೂರ್ತಿ ತೆಗೆಸಿ ಕಾಫಿ ಹಾಕಿಸ್ಲಾ?” ಅಂತ ಕೇಳಿದ್ದರು. ನಾನು ಮೀಟಿಂಗ್‌ನಲ್ಲಿದ್ದೆ. “ಲಾಸ್ ಆಗ್ತಿದ್ರೆ ತೆಗೆಸಿಬಿಡಿ ಅಪ್ಪ” ಅಂದು ಫೋನ್ ಇಟ್ಟೆ. ಹತ್ತು ಸೆಕೆಂಡೂ ಆಗಿರಲಿಲ್ಲ.

ಶನಿವಾರ ಆ ಪೊಟ್ಟಣ ಹಿಡಿದು ಕೆಳಗಿನ ಮನೆಯ ಓನರ್ ಅಜ್ಜಿ ಹತ್ತಿರ ಹೋದೆ. ಅಭ್ಯಾಸಬಲ ನೋಡಿ, ಬಾಣಲೆ ಇಟ್ಟು ಕೊತ್ತಂಬರಿ ಬೀಜ ಹುರಿಯೋಕೆ ಹೊರಟೆ. “ನೈನ್, ನೈನ್!” ಅಂತ ಅಜ್ಜಿ ಒಲೆ ಆರಿಸಿಯೇಬಿಟ್ಟರು. ನಮ್ಮ ಸಾರಿನ ಪುಡಿಗೆ ಹುರಿಯೋದೇ ಜೀವ. ಇದನ್ನ ಹುರಿಯದೇ ಪುಡಿ ಮಾಡಬೇಕು, ಓವನ್ನಿನ ಬಿಸಿಯೇ ಸಾಕು ಅನ್ನೋದು ಅವರ ವಾದ.

ಅಳತೆ ಬರ್ಕೊಳ್ಳಿ: ಚಕ್ಕೆ 35 ಗ್ರಾಂ, ಲವಂಗ 9 ಗ್ರಾಂ, ಏಲಕ್ಕಿ ಕಾಳು, ಕೊತ್ತಂಬರಿ ಬೀಜ, ಒಣಶುಂಠಿ, ಆಲ್‌ಸ್ಪೈಸ್ ತಲಾ 2 ಗ್ರಾಂ, ಜಾಯಿಕಾಯಿ, ಜಾಪತ್ರೆ ತಲಾ 1 ಗ್ರಾಂ. ಆಲ್‌ಸ್ಪೈಸ್ ಸಿಗದಿದ್ದರೆ ಬಿಡಿ, ನಡೆಯುತ್ತೆ. ತೆಳು ಪದರದ ಸಿಲೋನ್ ಚಕ್ಕೆ ಆದರೆ ಒಳ್ಳೇದು. ನುಣ್ಣಗೆ ಪುಡಿ ಮಾಡಿ, ಜರಡಿ ಹಿಡಿದು, ಗಾಳಿ ಆಡದ ಡಬ್ಬಿಗೆ ಹಾಕಿ. ಅರ್ಧ ಕೆಜಿ ಹಿಟ್ಟಿಗೆ 15 ಗ್ರಾಂ ಸಾಕು. ಕ್ರಿಸ್‌ಮಸ್ ಕೇಕಿಗೂ ಆಗುತ್ತೆ.

ಏಲಕ್ಕಿ ಬಿಡಿಸ್ತಾ ಅಜ್ಜಿ ಒಂದು ಕಾಯನ್ನ ಮೂಗಿನ ಹತ್ತಿರ ಹಿಡಿದು ಸುಮಾರು ಹೊತ್ತು ಸುಮ್ಮನಿದ್ದರು. ಸೂಪರ್‌ಮಾರ್ಕೆಟ್ ಪುಡಿಯಲ್ಲಿ ಈ ವಾಸನೆ ಬರೋದೇ ಇಲ್ಲ ಅಂದರು. ಆಮೇಲೆ ಕೇಳಿದರು, “ಮುಂದಿನ ವರ್ಷವೂ ತರಿಸ್ತೀಯಾ?”

ನನ್ನ ಹತ್ತಿರ ಉತ್ತರ ಇರಲಿಲ್ಲ.

ಈ ಊರಿನ ಮ್ಯೂಸಿಯಂಗೆ ಸೇರಿದ ಒಂದು ಗ್ಲೋಬ್ ಇದೆ. 1492ರ ಸುಮಾರಿಗೆ ಮಾರ್ಟಿನ್ ಬೆಹೈಮ್ ಮಾಡಿಸಿದ್ದು. ಅಮೆರಿಕವೇ ಇಲ್ಲದ ಭೂಗೋಳ. ಪೂರ್ವದ ಮಸಾಲೆ ಎಷ್ಟು ಕೈ ದಾಟಿ, ಎಲ್ಲೆಲ್ಲಿ ಸುಂಕ ಕಟ್ಟಿ ಇಲ್ಲಿಗೆ ಬರುತ್ತೆ ಅಂತ ಅದರ ಮೇಲೆ ಉದ್ದಕ್ಕೆ ಬರೆದಿದ್ದಾರೆ. ಅದನ್ನ ಮೊದಲು ತಿಳಿದಾಗ ‘ಸಪ್ಲೈ ಚೈನ್’ ಅಂತ ನಕ್ಕಿದ್ದೆ. ಆ ಸಾಲಿನ ಆ ತುದಿಯಲ್ಲಿ ಅಪ್ಪನಂಥವರ ಕೈ ಇರುತ್ತೆ ಅನ್ನೋದು ಹೊಳೆದಿರಲಿಲ್ಲ.

ಭಾನುವಾರ ಬೆಳಿಗ್ಗೆ ಫೋನ್ ಮಾಡಿದೆ. “ಅರ್ಧ ತೆಗೆಸಿ ಆಯ್ತು ಪುಟ್ಟಿ. ನೀನೇ ಹೇಳಿದ್ಯಲ್ಲ” ಅಂದರು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ, ಅದೇ ಕಷ್ಟವಾಯ್ತು. ಹಳ್ಳದ ಪಕ್ಕದ ಗಿಡಗಳಿಗೆ ಇನ್ನೂ ರೋಗ ತಗುಲಿಲ್ಲವಂತೆ. ಎಷ್ಟು ಬುಡ ಇವೆ, ಎಷ್ಟು ಕೆಜಿ ಆಗುತ್ತೆ, ಕೊಯ್ಲಿಗೆ ಜನ ಸಿಗ್ತಾರಾ ಅಂತೆಲ್ಲ ಕೇಳಿದೆ. ಮೂವತ್ತು ವರ್ಷದಲ್ಲಿ ಮೊದಲ ಸಲ! ಅಪ್ಪ ನಲವತ್ತು ನಿಮಿಷ ಮಾತಾಡಿದರು. ಕೊನೆಗೆ, “ಆಯ್ತು, ಅವು ಈ ವರ್ಷ ಇರ್ಲಿ. ನೀನೇ ಬಂದು ನೋಡಿ ಹೇಳು” ಅಂದರು.

ಅಜ್ಜಿಗೆ ಇನ್ನೂ ಉತ್ತರ ಕೊಟ್ಟಿಲ್ಲ. ಫೆಬ್ರವರಿಗೆ ಟಿಕೆಟ್ ಮಾತ್ರ ಬುಕ್ ಮಾಡಿದ್ದೀನಿ.